ಸೆಲ್ಫ್ ಎಂಬ ಹೆಸರು

ಕೊರೆಯುವ ಚಳಿಯ ಮುಂಜಾನೆ, ಎಲೆಕೋಸಿನ ಮೂಟೆ ಹೊತ್ತ ಡೀಸೆಲ್ ಲಾರಿಯೊಂದು ದಿಬ್ಬದ ಮೇಲೆ ನಿಂತಿತ್ತು. ಏಳು ಗಂಟೆಯೊಳಗೆ ಮಾರುಕಟ್ಟೆ ಸೇರದಿದ್ದರೆ ಸರಕನ್ನು ಕೇಳುವವರಿರಲಿಲ್ಲ. ಲಾರಿಯ ಮುದಿ ಬ್ಯಾಟರಿಯಲ್ಲಿ ಉಳಿದ ಕಸುವು ಅಷ್ಟಕ್ಕಷ್ಟೆ.

ಎಂಜಿನ್ನನ್ನು ತಿರುಗಿಸಿ ಎಬ್ಬಿಸುವ ಮೋಟರಿಗೆ ಡ್ರೈವರುಗಳೆಲ್ಲ ಸೆಲ್ಫ್ ಎನ್ನುತ್ತಾರೆ. ಆ ಹೆಸರು ಅದರ ತಲೆಗೇರಿತ್ತು.

"ತಡೆಯಪ್ಪಾ," ಎಂದಿತು ಹೀಟರ್ ಪ್ಲಗ್. "ಇಪ್ಪತ್ತು ಎಣಿಸುವಷ್ಟು ಹೊತ್ತು ಕೊಡು."

"ಡೀಸೆಲ್ ಎಂಜಿನ್ನಿಗೆ ಪ್ಲಗ್ಗೇ ಇಲ್ಲವೆಂದು ಊರಿಗೆಲ್ಲ ಗೊತ್ತು. ನೀನ್ಯಾವನೋ?"

"ಕಿಡಿ ಹಾರಿಸುವ ಪ್ಲಗ್ ಇಲ್ಲ. ನಾನು ಎಂಜಿನ್ನಿನ ಒಳಗನ್ನು ಕಾಯಿಸುವ ಪ್ಲಗ್."

"ಸದ್ಯಕ್ಕೆ ನನ್ನನ್ನು ಕಾಯಿಸುತ್ತಿದ್ದೀಯ. ನಾನು ಸೆಲ್ಫ್. ನನಗೆ ನಾನೇ ಸಾಕು!"

ಸೆಲ್ಫ್ ಗಿರ್ರನೆ ತಿರುಗಿತು. ತಣ್ಣಗಿದ್ದ ಎಂಜಿನ್ ಬಿಳಿ ಹೊಗೆ ಕೆಮ್ಮಿ ಸುಮ್ಮನಾಯಿತು.

ಬ್ಯಾಟರಿಗೆ ರೇಗಿಹೋಯಿತು. "ಲೋ, ನೀನು ತಿರುಗುವುದು ನನ್ನ ಕರೆಂಟಿನಲ್ಲಿ ಕಣೋ! ಇನ್ನು ಒಂದೇ ಸಲಕ್ಕಾಗುವಷ್ಟಿದೆ. ಎಂಜಿನ್ ಕಾಯುವವರೆಗೆ ನೀನೂ ಕಾಯಿ."

"ಅಜ್ಜಾ, ನಿನಗೆ ವಯಸ್ಸಾಯಿತು," ಎನ್ನುತ್ತಲೇ ಸೆಲ್ಫ್ ಮತ್ತೆ ತಿರುಗಿತು. ಎರಡು ಸುತ್ತು ಗಿರ್ರೆಂದು, ಕೊನೆಗೆ ಟಕ್ ಎಂದು ನಿಂತುಬಿಟ್ಟಿತು.

ಬಿಸಿಲೇರಿದ ಮೇಲೆ ಆರು ಮಂದಿ ಹಮಾಲರು ಬಯ್ಯುತ್ತಲೇ ಲಾರಿಯನ್ನು ಇಳಿಜಾರಿಗೆ ನೂಕಿದರು. ಅರ್ಧ ಇಳಿಜಾರು ಉರುಳಿದ ಮೇಲೆ ಎಂಜಿನ್ ಗುಡುಗಿ ಎದ್ದಿತು. ಆಗ ಗಂಟೆ ಒಂಬತ್ತು.

"ಕಂಡಿರಾ? ಕೊನೆಗೂ ಎಬ್ಬಿಸಿದೆ!" ಎಂದಿತು ಸೆಲ್ಫ್.

ಬ್ಯಾಟರಿಯ ನಾಲಿಗೆಯ ತುದಿಯಲ್ಲಿ ಬೈಗುಳವೇನೋ ಇತ್ತು. ಬಯ್ಯಲು ಕರೆಂಟಿರಲಿಲ್ಲ.