ಬೆನ್ನು ಮುಟ್ಟದ ಖೋ

"ಗುರುಗಳೇ, ಎಲ್ಲ ಕೇರಿಯ ಮಕ್ಕಳನ್ನೂ ಒಂದೇ ತಂಡದಲ್ಲಿ ಆಡಿಸಿದರೆ ಹುಟ್ಟಿನ ಮೇಲು ಕೀಳು ತಾನಾಗಿ ಅಳಿಯುತ್ತದೆ ಎನ್ನುತ್ತಾರೆ. ಇದು ನಿಜವೇ?" ಎಂದು ಶಿಷ್ಯ ಕೇಳಿದ. ಮಠದ ಶಾಲೆಯಲ್ಲಿ ಆಟ ಕಲಿಸುವ ಹೊಣೆ ಅವನಿಗೆ ಆ ವಾರವಷ್ಟೇ ಬಂದಿತ್ತು.

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕತೆ ಹೇಳಿದರು.

ಒಂದು ಊರಿನ ಶಾಲೆಯಲ್ಲಿ ಹುಡುಗಿಯರ ಖೋ ಖೋ ತಂಡ ಕಟ್ಟಬೇಕಾಗಿತ್ತು. ಆ ಆಟಕ್ಕೆ ಒಂಬತ್ತು ಜನ ಬೇಕು. ಎಂಟು ಜನ ಸಾಲಾಗಿ ಕೂರುತ್ತಾರೆ. ಒಬ್ಬಳು ಎದುರಾಳಿಯನ್ನು ಅಟ್ಟಿಸಿಕೊಂಡು ಓಡುತ್ತಾಳೆ. ಓಡುವವಳು ಕುಳಿತವಳ ಬೆನ್ನನ್ನು ಹಿಂದಿನಿಂದ ಮುಟ್ಟಿ 'ಖೋ' ಎನ್ನಬೇಕು. ಆಗ ಕುಳಿತವಳು ಎದ್ದು ಓಡುತ್ತಾಳೆ, ಮುಟ್ಟಿದವಳು ಅವಳ ಜಾಗದಲ್ಲಿ ಕೂರುತ್ತಾಳೆ. ಮುಟ್ಟದೆ ಏಳುವಂತಿಲ್ಲ. ನಿಯಮ ಅಷ್ಟು ಸರಳ.

ಎಂಟು ಹುಡುಗಿಯರು ಸಿಕ್ಕಿದರು. ಒಂಬತ್ತನೆಯವಳಾಗಿ ವ್ಯಾಯಾಮ ಶಿಕ್ಷಕಿ ಹುಲಿಗೆವ್ವನನ್ನು ಸೇರಿಸಿದಳು. ಹುಲಿಗೆವ್ವ ತೊಗಲು ಹದ ಮಾಡುವವನ ಮಗಳು.

"ಸೇರಿಸ್ಕೋರಿ ಟೀಚರ್. ಆ ಕೇರಿಯವರಿಗೆ ಕಾಲಷ್ಟ ಇರತಾವು, ತಲಿ ಇರೂದಿಲ್ಲ" ಎಂದು ಊರ ಗೌಡ ನಕ್ಕ. ಅವನ ಮಗಳೇ ತಂಡದ ನಾಯಕಿ.

ಮೊದಲ ದಿನವೇ ನಾಯಕಿಯ ಕೈ ಹುಲಿಗೆವ್ವನ ಬೆನ್ನಿನಿಂದ ನಾಲ್ಕು ಬೆರಳು ದೂರದಲ್ಲಿ ನಿಂತಿತು. ಬಾಯಿ ಮಾತ್ರ 'ಖೋ' ಎಂದಿತು. ಹುಲಿಗೆವ್ವ ಎದ್ದು ಓಡಿದಳು. ಉಳಿದವರೂ ಹಾಗೆಯೇ ಮಾಡಿದರು. ಅವರಿಗೆ ಖೋ ಕೊಡುವಾಗ ಹುಲಿಗೆವ್ವನೂ ಅಷ್ಟೇ ಅಂತರ ಬಿಟ್ಟಳು. ಆಟದ ಮೈದಾನದಲ್ಲಿ ಇದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಶಿಕ್ಷಕಿ ಇದನ್ನು ನೋಡಿದಳು. ಮಾತೆತ್ತಿದರೆ ಎಂಟು ಮನೆಯವರು ಮಕ್ಕಳನ್ನು ಬಿಡಿಸಿಕೊಂಡು ಹೋಗುತ್ತಾರೆಂದು ಅವಳಿಗೆ ಗೊತ್ತಿತ್ತು.

"ಖೋ ಜೋರಾಗಿ ಹೇಳಿರಿ" ಎಂದಳು. ಅಷ್ಟೇ ಹೇಳಿದಳು.

ಮೂರು ವರ್ಷ ಕಳೆಯಿತು. ಎದುರಾಳಿ ಯಾವ ಕಡೆ ತಿರುಗುತ್ತಾಳೆಂಬುದನ್ನು ಅವಳ ಮೊಣಕಾಲು ನೋಡಿಯೇ ಊಹಿಸಲು ಹುಲಿಗೆವ್ವ ಕಲಿತಳು. ಅದು ಕಾಲಿನ ಕೆಲಸವಲ್ಲ, ತಲೆಯ ಕೆಲಸ. ತಂಡ ಸುತ್ತಲಿನ ಶಾಲೆಗಳನ್ನೆಲ್ಲ ಸೋಲಿಸಿತು. ಅಲ್ಲಿನ ತೀರ್ಪುಗಾರರು ಕೈ ತಾಗಿತೇ ಎಂದು ನೋಡಲಿಲ್ಲ. ಅವರೂ ಸುತ್ತಲಿನ ಊರಿನವರೇ. ಗೌಡ ಈಗ "ನಮ್ಮ ಹುಲಿಗಿ" ಎನ್ನತೊಡಗಿದ. ಪತ್ರಿಕೆಯವರು ಒಂಬತ್ತು ಹುಡುಗಿಯರ ಚಿತ್ರ ಹಾಕಿ, ಆಟ ಊರನ್ನು ಒಂದು ಮಾಡಿದೆ ಎಂದು ಬರೆದರು. ಚಿತ್ರದಲ್ಲಿ ಹುಲಿಗೆವ್ವ ತುದಿಯಲ್ಲಿ, ತುಸು ಬಿಟ್ಟು ನಿಂತಿದ್ದಳು.

ಜಿಲ್ಲೆಯ ಕೊನೆಯ ಪಂದ್ಯ ಬಂತು. ಗೆದ್ದ ತಂಡದವರಿಗೆ ನಗರದ ಕ್ರೀಡಾಶಾಲೆಯಲ್ಲಿ ಊಟ, ವಸತಿ, ಓದು ಎಲ್ಲವೂ ಸಿಗುತ್ತಿತ್ತು.

"ಗೆದ್ದರ ಹೋಗವ್ವ. ಸೋತರ ನಾಳಿಂದ ಸುಣ್ಣದ ಗುಂಡಿಗೆ ಬರಬೇಕು" ಎಂದಿದ್ದ ಅವಳ ತಂದೆ. ತೊಗಲು ನೆನೆಹಾಕುವ ಗುಂಡಿ ಅದು. ಅವಳ ಅಕ್ಕನ ಬೆರಳುಗಳ ಚರ್ಮ ಆ ಸುಣ್ಣದಲ್ಲಿ ಸುಟ್ಟುಹೋಗಿತ್ತು.

ಪಂದ್ಯ ಮುಗಿಯಲು ಅರ್ಧ ನಿಮಿಷ ಉಳಿದಿತ್ತು. ಇನ್ನೊಬ್ಬಳು ಔಟಾದರೆ ಗೆಲುವು. ಸಾಲಿನಲ್ಲಿ ಕುಳಿತಿದ್ದ ಹುಲಿಗೆವ್ವನ ಮುಂದೆಯೇ ಎದುರಾಳಿ ಬಂದಳು. ನಾಯಕಿ ಹಿಂದಿನಿಂದ ಓಡಿ ಬಂದು 'ಖೋ' ಎಂದು ಕೂಗಿದಳು. ಹುಲಿಗೆವ್ವ ಎದ್ದಳು. ಎರಡೇ ಹೆಜ್ಜೆಯಲ್ಲಿ ಎದುರಾಳಿಯ ಭುಜ ಮುಟ್ಟಿದಳು. ಊರಿನವರು ಕುಣಿದಾಡಿದರು.

ಸೀಟಿ ಕೇಳಿಸಿತು. ದೂರದ ಊರಿನಿಂದ ಬಂದಿದ್ದ ತೀರ್ಪುಗಾರ ಈ ಸಲ ಸಾಲಿನ ಹಿಂದೆಯೇ ನಿಂತಿದ್ದ.

"ಕೈ ಬೆನ್ನಿಗೆ ತಾಗಲಿಲ್ಲ. ಫೌಲ್. ಔಟ್ ಇಲ್ಲ" ಎಂದ.

ಎದುರಾಳಿ ತಪ್ಪಿಸಿಕೊಂಡು ಓಡಿದಳು. ಸಮಯ ಮುಗಿಯಿತು.

"ಟೀಚರ್, ನಾ ಮುಟ್ಟೂದರೊಳಗ ಇಕಿ ಎದ್ದುಬಿಟ್ಟಳ್ರಿ. ತಲಿ ಎಲ್ಲೈತಿ ಇಕಿಗೆ?" ಎಂದಳು ನಾಯಕಿ.

"ಅಕ್ಕಾರ, ನೀವು ಮುಟ್ಟೂತನಕ ಕುಂತಿದ್ದರ ಮೂರು ವರ್ಷ ಕುಂತೇ ಇರ್ತಿದ್ದೆ" ಎಂದಳು ಹುಲಿಗೆವ್ವ.

ಶಿಕ್ಷಕಿ ಇಬ್ಬರ ಮಾತನ್ನೂ ಕೇಳಿಸಿಕೊಂಡಳು. ನಂತರ ಶಾಲೆಗೆ ಕೊಡಬೇಕಾದ ವರದಿ ಬರೆಯಲು ಮೈದಾನದ ಕಚೇರಿಯೊಳಗೆ ಹೋದಳು. 'ಹುಲಿಗೆವ್ವ ಅವಸರದಿಂದ ಎದ್ದದ್ದೇ ಸೋಲಿಗೆ ಕಾರಣ' ಎಂದು ಬರೆದು, ಕೆಳಗೆ ಸಹಿ ಮಾಡಿದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಕತೆ ಇಲ್ಲಿ ನಿಲ್ಲುವುದು ಶಿಷ್ಯನಿಗೆ ಬೇಡವಾಗಿತ್ತು.

"ಆ ಸೋಲು ಅವರಿಗೆ ಏನನ್ನಾದರೂ ಕಲಿಸಿರಬೇಕಲ್ಲವೇ, ಗುರುಗಳೇ? ಆಮೇಲಾದರೂ ಯಾರಾದರೂ ಅವಳನ್ನು ಮುಟ್ಟಿದರೇ?"

ಗುರುಗಳು ಹೇಳಿದರು: "ಮುಟ್ಟಿದರು, ಊರಿನ ಬಸ್ಸು ಬರುವವರೆಗೆ ಎಂಟೂ ಜನ ಸೇರಿ ಅವಳನ್ನು ಹೊಡೆದರು."