ಒಂದು ಪಾವು, ಏಳು ಕಲ್ಲು

ಒಂದಾನೊಂದು ಊರಲ್ಲಿ ಒಬ್ಬ ದೊರೆ ಇದ್ದನಂತೆ. ಊರಿನ ಹೆಸರು ಕೇಳಬೇಡಿ, ನನಗೆ ಹೇಳಿದ ಅಜ್ಜಿಗೂ ಗೊತ್ತಿರಲಿಲ್ಲ. ಆ ದೊರೆಯ ಅಡುಗೆಮನೆಯಲ್ಲಿ ಹೊನ್ನಾಜಮ್ಮ ಅಂತ ಒಬ್ಬ ಮುದುಕಿ. ನಲವತ್ತು ವರ್ಷ ಅದೇ ಒಲೆ, ಅಳೆಯೋಕೆ ಅದೇ ಹಿತ್ತಾಳೆ ಪಾವು. ಅಕ್ಕಿನೂ ಪಾವಲ್ಲೇ, ಉಪ್ಪೂ ಪಾವಲ್ಲೇ. ಒಂದು ದಿನವೂ ರುಚಿ ಕೆಟ್ಟಿದ್ದಿಲ್ಲವಂತೆ.

ಹೀಗಿರುವಾಗ ಯಾರೋ ವ್ಯಾಪಾರಿ ದೊರೆಗೆ ಬೆಳ್ಳಿ ತಕ್ಕಡಿ ಕಾಣಿಕೆ ಕೊಟ್ಟ. ದೊರೆ ಡಂಗುರ ಹೊಡೆಸಿದ. "ನಾಳೆಯಿಂದ ಅರಮನೆಯಲ್ಲಿ ಎಲ್ಲಾ ತೂಕ. ಪಾವು ಸೇರು ಉಗ್ರಾಣಕ್ಕೆ ಒಪ್ಪಿಸಿ. ತೂಗಿಕೊಟ್ಟದ್ದರಲ್ಲಿ ಒಂದು ಕಾಳು ಆಚೀಚೆ ಮಾಡಿದವರಿಗೆ ಈ ಊರಲ್ಲಿ ಜಾಗವಿಲ್ಲ!" ದೊರೆಗಳ ಹುಚ್ಚು, ಯಾರು ಕೇಳಬೇಕು?

ಹೊನ್ನಾಜಮ್ಮ ಅಳುತ್ತಾ ಕೂರಲಿಲ್ಲ. ಒಂದು ಪಾವು ಅಕ್ಕಿ ಅಳೆದು ತಕ್ಕಡಿಯ ಒಂದು ತಟ್ಟೆಗೆ ಸುರಿದಳು, ಇನ್ನೊಂದು ತಟ್ಟೆಗೆ ಹೊಳೆಯ ಕಲ್ಲಿಟ್ಟು ಸರಿದೂಗಿಸಿದಳು. ಅದು ಅಕ್ಕಿ ಕಲ್ಲು. ಒಂದು ಪಾವು ಉಪ್ಪು ತೂಗಿದಳು, ಅದು ಉಪ್ಪಿನ ಕಲ್ಲು, ಅಕ್ಕಿಯದಕ್ಕಿಂತ ದಪ್ಪ. ಒಂದು ಪಾವು ಒಣಮೆಣಸಿನಕಾಯಿ ತೂಗಿದಳು, ಅದರ ಕಲ್ಲು ಅಡಿಕೆಯಷ್ಟೇ! ಹೀಗೆ ಬೇಳೆಗೊಂದು, ಬೆಲ್ಲಕ್ಕೊಂದು, ಕೊತ್ತಂಬರಿಗೊಂದು, ಅವಲಕ್ಕಿಗೊಂದು. ಒಟ್ಟು ಏಳು ಕಲ್ಲು, ಒಂದೊಂದೂ ಅದರದರ ಡಬ್ಬಿಯಲ್ಲಿ. ಆಮೇಲೆ ಪಾವು ಒಪ್ಪಿಸಿದಳಂತೆ.

ಮಾರನೇ ದಿನ ಪಕ್ಕದ ರಾಜ್ಯದ ನೆಂಟರು ಬರೋರಿದ್ದರು. ಸಾಮಾನು ತೂಗಿಕೊಡೋಕೆ ಉಗ್ರಾಣದ ತಿರುಮಲಯ್ಯ ಬಂದ.

"ಏನಮ್ಮಾ, ಪಾವು ಒಂದು, ಕಲ್ಲು ಏಳಾ?"

"ಉಪ್ಪು ಭಾರ, ಮೆಣಸಿನಕಾಯಿ ಹಗುರ ಕಣಪ್ಪಾ. ಒಂದೊಂದರ ಪಾವಿಗೆ ಒಂದೊಂದು ತೂಕ."

"ಪಾವು ಅಂದ್ರೆ ಪಾವು! ನನಗೇ ಹೇಳಿಕೊಡ್ತೀಯಾ?" ಅಂತ ಅಕ್ಕಿ ಕಲ್ಲು ಒಂದನ್ನ ಇಟ್ಟುಕೊಂಡು ಉಳಿದ ಆರನ್ನೂ ಬಾವಿಗೆ ಎಸೆದನಂತೆ, ಪುಣ್ಯಾತ್ಮ.

ಸಾರಿಗೆ ಒಂದು ಪಾವು ಮೆಣಸಿನಕಾಯಿ ಬೇಕಿತ್ತು. ಅಕ್ಕಿ ಕಲ್ಲಿಟ್ಟು ತೂಗಿದ. ಮೊರದ ತುಂಬ ಆಯಿತು.

"ಅಯ್ಯೋ, ಇದು ಆರು ಪಾವಾಯ್ತಲ್ಲಪ್ಪಾ!"

"ದೊರೆ ಅಪ್ಪಣೆ. ಹಾಕು."

ಹಾಕಿದಳು, ಇನ್ನೇನು ಮಾಡ್ತಾಳೆ.

ಮೊದಲ ತುತ್ತಿಗೇ ದೊರೆಯ ಕಣ್ಣಲ್ಲೂ ಮೂಗಲ್ಲೂ ನೀರು. ನೆಂಟರು ಎಲೆ ಬಿಟ್ಟೆದ್ದು ನೀರು ನೀರು ಅಂತ ಓಡಿದರು. "ಸಂಜೆಯೊಳಗೆ ಊರು ಬಿಡು ಮುದುಕಿ!" ಅಂದ ದೊರೆ. ನಲವತ್ತು ವರ್ಷ ಉಣಬಡಿಸಿದವಳಿಗೆ ಆಡೋ ಮಾತಾ ಅದು? ಹೇಳೋವಾಗ ನನಗೇ ಹೊಟ್ಟೆ ಉರಿಯುತ್ತೆ.

"ಹೋಗ್ತೀನಿ ಬುದ್ಧೀ," ಅಂದಳು ಹೊನ್ನಾಜಮ್ಮ. "ಅದಕ್ಕೂ ಮುಂಚೆ ಬೊಗಸೆ ಒಡ್ಡಿ." ಅದೇ ಕಲ್ಲಿಟ್ಟು ಅಕ್ಕಿ ತೂಗಿ ಬೊಗಸೆಗೆ ಸುರಿದಳು. ಹಿಡಿಯಿತು. ಅದನ್ನು ತೆಗೆದು, ಅದೇ ಕಲ್ಲಿಟ್ಟು ಮೆಣಸಿನಕಾಯಿ ತೂಗಿ ಸುರಿದಳು. ಬೊಗಸೆ ತುಂಬಿತು, ತೊಡೆ ಮೇಲೆ ಬಿತ್ತು, ಕೂತ ಮಣೆಯ ಸುತ್ತೆಲ್ಲ ಚೆಲ್ಲಾಡಿತು.

"ಕಲ್ಲು ಅದೇ, ತಕ್ಕಡಿ ನಿಮ್ಮದೇ. ತಪ್ಪು ಯಾರದು ಬುದ್ಧೀ?"

ದೊರೆ ಮಾತಾಡೋಕೆ ಬಾಯಿ ತೆರೆದ, ಘಾಟಿಗೆ ಏಳು ಸಲ ಸೀನಿದ. ಏಳನೇ ಸೀನಿಗೆ ನಗು ಬಂತು. "ತಪ್ಪು ನಂದೇ ಕಣಮ್ಮಾ. ಒಲೆ ನಿಂದು, ಪಾವೂ ನಿಂದೇ," ಅಂತ ತಾನೇ ಎದ್ದು ಹೋಗಿ ಹಿತ್ತಾಳೆ ಪಾವು ತಂದುಕೊಟ್ಟನಂತೆ.

ತಿರುಮಲಯ್ಯ? ಆರು ಕಲ್ಲು ಹುಡುಕೋಕೆ ಬಾವಿಗಿಳಿದ. ಬಾವಿ ತಳದಲ್ಲಿ ಕಲ್ಲಿಗೇನು ಬರ! ಅವನು ಮೇಲೆ ಬರೋ ಹೊತ್ತಿಗೆ ಹೊನ್ನಾಜಮ್ಮ ಬೇರೆ ಸಾರು ಮಾಡಿ ಎಲ್ಲರಿಗೂ ಬಡಿಸಿದ್ದಳಂತೆ.

ಅವರು ಅಲ್ಲಿ ಉಂಡು ಕೈ ತೊಳೆದರು. ನಾವಿನ್ನೂ ಎಲೆ ಹಾಕಬೇಕು, ಏಳಿ.