ಬಾಯಿ ಮುಚ್ಚಿದ ಕಾಗೆಗಳು, ಹಣ್ಣು ಬಿಟ್ಟ ಕೋತಿಗಳು

ಒಂದು ಕಾಡಿನ ನಡುವೆ ಹಳ್ಳ ಹರಿಯುತ್ತಿತ್ತು. ಈಚೆ ದಡದಲ್ಲಿ ಕಾಗೆಗಳಿದ್ದವು. ಅವುಗಳ ಸಭೆಯಲ್ಲಿ ಯಾರು ಏನು ಬೇಕಾದರೂ ಮಾತಾಡಬಹುದಿತ್ತು. ಆದರೆ ಚೂರು ತಿಂಡಿ ಸಿಕ್ಕರೂ ಬಳಗವನ್ನೆಲ್ಲ ಕೂಗಿ ಕರೆಯದೆ ತಿನ್ನುವಂತಿರಲಿಲ್ಲ. ಆಚೆ ದಡದ ಕೋತಿಗಳ ರೀತಿಯೇ ಬೇರೆ. ಯಾರಿಗೆ ಸಿಕ್ಕಿದ್ದು ಅವರದೇ. ಹಣ್ಣು ಕೊಟ್ಟು ಕಾಯಿ ಕೊಳ್ಳುವ ವ್ಯಾಪಾರವೂ ಜೋರು. ಆದರೆ ಮುದಿ ಕೋತಿ ದೊಡ್ಡಬಾಲನ ಎದುರು ಯಾರೂ ತುಟಿ ಪಿಟಕ್ಕೆನ್ನುವಂತಿರಲಿಲ್ಲ.

ಕಾಳವ್ವ ಎಂಬ ಕಾಗೆಗೆ ಪುಟ್ಟ ಮರಿಗಳಿದ್ದವು. ಬಳಗಕ್ಕೆಲ್ಲ ಹಂಚಿ ಉಳಿದದ್ದು ಅವುಗಳ ಹೊಟ್ಟೆಗೆ ಸಾಲುತ್ತಿರಲಿಲ್ಲ. "ಆಚೆ ದಡದವರೇ ಪುಣ್ಯವಂತರು" ಎಂದು ಅವಳು ಗೊಣಗಿದ್ದು ಒಂದು ನರಿಯ ಕಿವಿಗೆ ಬಿತ್ತು.

"ಅವರು ಬಾಯಿ ಬಿಡಲ್ಲ ಕಣಮ್ಮ, ಅದಕ್ಕೇ ಹೊಟ್ಟೆ ತುಂಬಿದೆ" ಎಂದಿತು ನರಿ. "ನೀವೂ ಬಾಯಿ ಮುಚ್ಚಿ. ಸಭೆ ನಾನು ನೋಡ್ಕೋತೀನಿ."

ಕಾಳವ್ವ ನಂಬಿದಳು. ಬಳಗವನ್ನೂ ಒಪ್ಪಿಸಿದಳು.

ನರಿ ಹಳ್ಳ ದಾಟಿ ಕೋತಿಗಳ ಬಳಿ ರಾಗ ಬದಲಿಸಿತು. "ಕಾಗೆಗಳು ಎಷ್ಟು ಧೈರ್ಯವಾಗಿ ಮಾತಾಡ್ತವೆ! ಅವು ಏನನ್ನೂ ತಮ್ಮದು ಅಂತ ಇಟ್ಕೊಳ್ಳಲ್ಲ, ಅದಕ್ಕೆ. ನೀವೂ ಹಣ್ಣೆಲ್ಲ ನನ್ನ ಗವಿಯಲ್ಲಿಡಿ. ಆಮೇಲೆ ಬಾಯ್ತುಂಬ ಮಾತಾಡಿ."

ಕೋತಿಗಳು ಹಾಗೇ ಮಾಡಿದವು. ಹೊಟ್ಟೆ ತಾಳ ಹಾಕತೊಡಗಿತು. "ಹಸಿವು, ಹಸಿವು" ಎಂದು ಧಾರಾಳವಾಗಿ ಮಾತಾಡಿದವು.

ಈಚೆ ಕಾಗೆಗಳು ಕೂಗುವುದನ್ನೇ ಬಿಟ್ಟವು. ಎಲ್ಲಿ ಏನು ಸಿಗುತ್ತದೆಂದು ಯಾರಿಗೂ ತಿಳಿಯದಾಯಿತು. ಕಾಳವ್ವನ ಮರಿಗಳಿಗೆ ಹಸಿವಿನಿಂದ ಕುತ್ತಿಗೆ ಎತ್ತಲೂ ಆಗಲಿಲ್ಲ. ಏನಾದರೂ ಸಿಕ್ಕೀತೆಂದು ಕಾಳವ್ವ ಹಳ್ಳ ದಾಟಿ ಹಾರಿದಳು.

ಅಲ್ಲಿ ನರಿಯ ಗವಿಯ ತುಂಬ ಕೋತಿಗಳ ಹಣ್ಣಿನ ರಾಶಿ! ನರಿ ಅದಕ್ಕೆ ಒರಗಿ ತೇಗುತ್ತಿತ್ತು. ಸದ್ದಿಲ್ಲದೆ ಒಂದು ಹಣ್ಣು ಕಚ್ಚಿಕೊಂಡು ಹೋಗಬಹುದಿತ್ತು. ಆದರೆ ಕಾಗೆ ಕಾಗೆಯೇ ತಾನೆ? ತಿಂಡಿ ಕಂಡದ್ದೇ ಕೊಕ್ಕು ತಾನಾಗಿ ತೆರೆಯಿತು.

"ಕಾ! ಕಾ! ಎಲ್ಲರೂ ಬನ್ನಿ!"

ಕಾಗೆಗಳು ಹಾರಿ ಬಂದವು. ಕೋತಿಗಳೂ ಓಡಿ ಬಂದವು.

"ನೀವ್ಯಾಕೆ ಬಾಯಿ ಮುಚ್ಚಿದ್ರಿ?" ಎಂದ ದೊಡ್ಡಬಾಲ.

"ನಿಮ್ಮ ಹಾಗೆ ಹೊಟ್ಟೆ ತುಂಬಲಿ ಅಂತ. ನೀವ್ಯಾಕೆ ಹಣ್ಣು ಬಿಟ್ಟುಕೊಟ್ರಿ?" ಎಂದಳು ಕಾಳವ್ವ.

"ನಿಮ್ಮ ಹಾಗೆ ಮಾತಾಡೋಣ ಅಂತ!" ಎಂದವು ಕೋತಿಗಳು.

ಎಲ್ಲರೂ ನರಿಯತ್ತ ತಿರುಗಿದರು. ನರಿ ಹಲ್ಲು ಗಿಂಜಿತು. "ನೀವೆಲ್ಲ ಸ್ವತಂತ್ರರು. ಇಲ್ಲಿಂದ ಹೋಗೋ ಸ್ವಾತಂತ್ರ್ಯ ನನಗೂ ಇದೆಯಲ್ವಾ?"

"ಇದೆ ನರಿಯಣ್ಣ, ಹೋಗು" ಎಂದಳು ಕಾಳವ್ವ. "ಕುಕ್ಕೋ ಸ್ವಾತಂತ್ರ್ಯ ನಮಗೂ ಇದೆ."

ನರಿ ಕಾಲಿಗೆ ಬುದ್ಧಿ ಹೇಳಿತು. ಆ ಸಂಜೆ ಕಾಳವ್ವ ಸಭೆಯಲ್ಲಿ ಎದ್ದು ನಿಂತು, ಮರಿಗಳ ಪಾಲು ತೆಗೆದಿಟ್ಟೇ ಇನ್ನು ಮುಂದೆ ಬಳಗವನ್ನು ಕರೆಯುವುದು ಎಂದಳು. ಆಚೆ ದಡದಲ್ಲಿ ಕೋತಿಗಳು ತಮ್ಮ ತಮ್ಮ ಹಣ್ಣು ಮರಳಿ ಪಡೆದು, ದೊಡ್ಡಬಾಲನ ಎದುರೇ ಮಾತಾಡಿದವು. ದೊಡ್ಡಬಾಲ ಮುಖ ಗಂಟಿಕ್ಕಿಕೊಂಡೇ ಕೇಳಿಸಿಕೊಂಡ.

ನೀತಿ: ಮಾತಿನ ಸ್ವಾತಂತ್ರ್ಯವೂ ಬೇಕು, ದುಡಿದು ಉಣ್ಣುವ ಸ್ವಾತಂತ್ರ್ಯವೂ ಬೇಕು. ಒಂದನ್ನು ಕೊಟ್ಟರೆ ಇನ್ನೊಂದು ಸಿಗುತ್ತದೆ ಎನ್ನುವವನು ಎರಡನ್ನೂ ಕಸಿಯುತ್ತಾನೆ.